ಬಾನು ಆಂಟಿಯ ಕೈಯ ಚಿಕ್ಸಾ

ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಈಗ ಎಲ್ಲರೂ ‘ನ್ಯಾಚುರಲ್’ ಆಗಿಬಿಟ್ಟಿದ್ದಾರೆ. ಒಬ್ಬರು ಇದ್ದಿಲಿನ ಟೂತ್‌ಪೇಸ್ಟನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಇನ್ನೊಬ್ಬರು ಅಂಟುವಾಳದ ಶಾಂಪೂ ತರಿಸಿ, ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ನನ್ನ ಕೈಲಿ ಓದಿಸುತ್ತಾರೆ. ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು, ಹೆಸರು ಮಾನಸಾ. ಸಿಟ್ಟು ಸ್ವಲ್ಪ ಜಾಸ್ತಿ ಅಂತ ನನ್ನ ಗಂಡನೂ ಹೇಳುತ್ತಾನೆ, ಒಂಬತ್ತನೇ ಕ್ಲಾಸಿನವರೂ ಹೇಳುತ್ತಾರೆ. ಅಕ್ಷರ ಓದಿ ಅರ್ಥ ಹೇಳಿ ಬಾಟಲಿ ವಾಪಸ್ ಕೊಡುತ್ತೇನೆ. ಇದೆಲ್ಲ ಬಾನು ಆಂಟಿಯ ಹಿತ್ತಲಿನಲ್ಲಿ ಡಬ್ಬಗಟ್ಟಲೆ ಇತ್ತು ಅಂತ ಹೇಳಲು ಬಾಯಿ ತುರಿಸುತ್ತದೆ. ಹೇಳಿದರೆ ಪೂರ್ತಿ ಹೇಳಬೇಕಾಗುತ್ತದೆ, ಬೆಲ್ ಹೊಡೆದುಬಿಡುತ್ತದೆ.

ಬಾನು ಆಂಟಿ ಎಂದರೆ ಮೆಹರ್ ಬಾನು. ಹುಟ್ಟಿದ್ದು ಇದೇ ಗುಬ್ಬಿಯಲ್ಲಿ, ಹದಿನಾರನೇ ವಯಸ್ಸಿಗೆ ಮದುವೆಯಾಗಿ ತುಮಕೂರಿಗೆ ಬಂದವರು. ಗಂಡ ಮುಖ್ತಾರ್ ಅಹಮದ್ ಹತ್ತಿಯ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದರು. ಮಾತು ಕಡಿಮೆಯ ಮನುಷ್ಯ, ಕೂದಲಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ. ಮಗ ನಯೀಮ್, ಮಗಳು ಜೈಬಾ. ಮರಳೂರಿನಲ್ಲಿ ಮನೆ. ಆಗ ಮರಳೂರು ಊರ ಹೊರಗಿತ್ತು. ಮನೆಗಳಿಗಿಂತ ಖಾಲಿ ಸೈಟುಗಳು, ಸೈಟುಗಳಿಗಿಂತ ಎಕ್ಕದ ಗಿಡಗಳು ಹೆಚ್ಚು.

ನಾವು ಅಲ್ಲಿಗೆ ಬಂದದ್ದು ನನ್ನಪ್ಪ ಸತ್ತ ಮೇಲೆ. ಅಪ್ಪ ಪುಟ್ಟರಂಗಯ್ಯ ಲೈನ್‌ಮನ್ ಆಗಿದ್ದ. ಒಂದು ಮಳೆಗಾಲದಲ್ಲಿ ಕಂಬದಿಂದ ಬಿದ್ದ. ನನಗೆ ಒಂಬತ್ತು ವರ್ಷ, ಅಮ್ಮನಿಗೆ ಮೂವತ್ತೆರಡು. ಅನುಕಂಪದ ಮೇಲೆ ಅಮ್ಮನಿಗೆ ತುಮಕೂರಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಕುಣಿಗಲ್ ತಾಲ್ಲೂಕಿನ ಅಮೃತೂರಿನಿಂದ ಹೊರಗೆ ಕಾಲಿಟ್ಟಿರದ ನನ್ನಮ್ಮ ದೊಡ್ಡಗಂಗಮ್ಮ ಒಂದು ಟ್ರಂಕು, ಒಂದು ಚೀಲ ರಾಗಿ ಮತ್ತು ನನ್ನನ್ನು ಹೊತ್ತುಕೊಂಡು ಬಂದು ಬಾನು ಆಂಟಿಯ ಪಕ್ಕದ ಒಂಟಿ ಕೋಣೆಗೆ ಬಾಡಿಗೆಗೆ ಸೇರಿದಳು. ಮೊದಲ ದಿನವೇ ಬಾನು ಆಂಟಿ ಬಂದು ನನ್ನ ತಲೆ ಮೂಸಿ ನೋಡಿದರು. ಸೋಪಿನಲ್ಲಿ ತಲೆ ತೊಳೀತೀಯಾ ಅಂತ ಅಮ್ಮನನ್ನು ಕೇಳಿದರು, ಅಮ್ಮ ಹೌದೆಂದಳು. ಅವತ್ತಿನಿಂದ ನನ್ನ ತಲೆ ಅವರ ಸುಪರ್ದಿಗೆ ಹೋಯಿತು.

ಭಾನುವಾರಗಳು ಈಗಲೂ ನನ್ನ ಕಣ್ಣಲ್ಲಿ ಉರಿಯುತ್ತವೆ. ಹರಳೆಣ್ಣೆ ತಟ್ಟಿ, ಬಿಸಿಲಿಗೆ ಕೂರಿಸಿ, ಜೈಬಾಳನ್ನೂ ನನ್ನನ್ನೂ ಒಂದೇ ಕಲ್ಲಿನ ಮೇಲೆ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ ಆಂಟಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ನಾನು ಅರಚಿದರೆ, ಅರಚುವವರ ಬಾಯಿಗೂ ಹೋಗುತ್ತದೆ ಅಂತ ಎಚ್ಚರಿಸುತ್ತಿದ್ದರು, ಹೋಗುತ್ತಲೂ ಇತ್ತು. ಆ ಕಹಿ, ಆ ಬಿಸಿನೀರಿನ ಹಬೆ, ಆಮೇಲೆ ತಲೆಗೆ ಸುತ್ತಿದ ಮುಖ್ತಾರ್ ಅಂಕಲ್ಲಿನ ಹಳೇ ಪಂಚೆ, ಬಿಸಿಲಲ್ಲಿ ಕೂತು ತಿಂದ ಪುರಿ. ಅಷ್ಟು ಹಗುರವಾದ ತಲೆ ನನಗೆ ಮತ್ತೆ ಯಾವತ್ತೂ ಬರಲಿಲ್ಲ.

ಸೀಗೆಕಾಯಿ ಬರುತ್ತಿದ್ದದ್ದು ನಮ್ಮೂರಿನಿಂದ. ಅಮೃತೂರಿನ ನಮ್ಮ ಸೋದರಮಾವ ಸಿದ್ದಯ್ಯನ ತೋಟದ ಬೇಲಿಯಲ್ಲಿ ಒಂದು ದೊಡ್ಡ ಸೀಗೆಮೆಳೆ ಇತ್ತು. ಬೇಸಿಗೆಯಲ್ಲಿ ಅಮ್ಮ ಹೋಗಿ ಮೈಕೈಯೆಲ್ಲ ಗೀರಿಸಿಕೊಂಡು ಕಾಯಿ ಕಿತ್ತು, ಗೋಣಿಚೀಲದಲ್ಲಿ ತುಂಬಿ ಪ್ರೈವೇಟ್ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು. ಜೊತೆಗೆ ತೆಂಗಿನ ಕರಟ, ತೆಂಗಿನ ನಾರು. ಕರಟವನ್ನು ಸುಟ್ಟು, ಕೆಂಡ ಆರುವ ಮುಂಚೆ ಮಡಕೆ ಬೋರಲು ಹಾಕಿ ಮುಚ್ಚಿ, ಆ ಇದ್ದಿಲಿಗೆ ಉಪ್ಪು, ಲವಂಗ, ಅಳಲೆಕಾಯಿ ಸೇರಿಸಿ ಕುಟ್ಟಿದರೆ ಹಲ್ಲುಪುಡಿ. ಬೆಳಗ್ಗೆ ಆ ಬೀದಿಯ ಅರ್ಧ ಮಕ್ಕಳ ಬಾಯಿ ಕಪ್ಪಗಿರುತ್ತಿತ್ತು. ನಾರಿಗೆ ಬೂದಿ, ಹುಣಸೇಹಣ್ಣು ಹಚ್ಚಿ ಉಜ್ಜಿದ ತಾಮ್ರದ ಹಂಡೆಯಲ್ಲಿ ನಾವು ಮುಖ ನೋಡಿಕೊಂಡು ಬೈತಲೆ ತೆಗೆದುಕೊಳ್ಳುತ್ತಿದ್ದೆವು.

ಸೀಗೆ ಬೀಸಿಸುವುದು ಮಾತ್ರ ಒಂದು ರಗಳೆ. ರಾಗಿ ಬೀಸುವ ಮಿಷನ್ನಿಗೆ ಹಾಕಲು ಮಿಲ್ಲಿನ ಚಂದ್ರು ಸುತರಾಂ ಒಪ್ಪುತ್ತಿರಲಿಲ್ಲ. ಮೆಣಸಿನಕಾಯಿ ಮಿಷನ್ನಿಗೆ ಹಾಕಲು ಬಾನು ಆಂಟಿ ಒಪ್ಪುತ್ತಿರಲಿಲ್ಲ. ಇಬ್ಬರೂ ಅರ್ಧ ಗಂಟೆ ಜಗಳವಾಡಿ, ಕೊನೆಗೆ ಮೆಣಸಿನಕಾಯಿ ಮಿಷನ್ನನ್ನೇ ಎರಡು ಸಲ ಉಪ್ಪು ಹಾಕಿ ತಿರುಗಿಸಿ, ತೊಳೆದಂತೆ ಮಾಡಿ, ಆಮೇಲೆ ಸೀಗೆ. ಚಂದ್ರು ಮೂಗಿಗೆ ಟವೆಲ್ ಕಟ್ಟಿಕೊಂಡೂ ಹನ್ನೆರಡು ಸೀನು ಸೀನುತ್ತಿದ್ದ. ಸೀನಿದಷ್ಟೂ ಕಾಯಿ ಒಳ್ಳೇದು ಎಂಬುದು ಆಂಟಿಯ ಲೆಕ್ಕ.

ಆಂಟಿ ಇದನ್ನೆಲ್ಲ ಮಾರುತ್ತಿರಲಿಲ್ಲ. ಬಾಣಂತಿ ಇರುವ ಮನೆಗೆ, ಹೇನು ಬಿದ್ದ ಮಕ್ಕಳಿರುವ ಮನೆಗೆ, ಹಲ್ಲುನೋವಿನವರಿಗೆ ಹಂಚುತ್ತಿದ್ದರು. ಡಬ್ಬ ವಾಪಸ್ ಬರುವಾಗ ಅದರಲ್ಲಿ ಏನಾದರೂ ಇರುತ್ತಿತ್ತು, ಹುಣಸೇಹಣ್ಣೋ, ಒಂದು ಹಿಡಿ ಅವರೆಕಾಳೋ. ಆದರೆ ಅವರ ಹೆಸರು ಮರಳೂರು ದಾಟಿ ಗುಬ್ಬಿ, ಕುಣಿಗಲ್ಲಿನ ಮನೆಗಳಿಗೂ ಹೋದದ್ದು ಇನ್ನೊಂದು ವಸ್ತುವಿನಿಂದ. ಅದು ಚಿಕ್ಸಾ.

ಚಿಕ್ಸಾ ಎಂದರೆ ಮುಸಲ್ಮಾನರ ಮನೆಗಳಲ್ಲಿ ಮದುವೆಗೆ ಮುಂಚೆ ಹೆಣ್ಣಿನ ಮೈಗೆ ಹಚ್ಚುವ ಪರಿಮಳದ ಪುಡಿ. ನಮ್ಮಲ್ಲಿ ಅರಿಶಿನ ಹಚ್ಚುವುದಿಲ್ಲವೇ, ಹಾಗೆ. ಆದರೆ ಅದರಲ್ಲಿ ಅರಿಶಿನದ ಜೊತೆ ಕಡಲೆಬೇಳೆ, ಹೆಸರುಕಾಳು, ಮೆಂತ್ಯ, ಒಣಗಿದ ಗುಲಾಬಿ, ಲಾವಂಚದ ಬೇರು, ಗಂಧದ ಪುಡಿ, ಕಚೋರ ಎಲ್ಲ ಬೀಳುತ್ತದೆ. ಕಚೋರ ಶುಂಠಿಯಂಥ ಗೆಡ್ಡೆ, ವಾಸನೆ ಮಾತ್ರ ಕರ್ಪೂರದಂತೆ ಮೂಗಿಗೆ ಏರುತ್ತದೆ. ಚಿಕ್ಸಾವನ್ನು ಅಂಗಡಿಯಿಂದ ತರುವ ಹಾಗಿಲ್ಲ, ಮಿಲ್ಲಿಗೂ ಕೊಡುವ ಹಾಗಿಲ್ಲ. ಮನೆಯಲ್ಲೇ ಬೀಸುವ ಕಲ್ಲಿಗೆ ಹಾಕಿ, ಹಾಡು ಹೇಳಿಕೊಂಡು ಬೀಸಬೇಕು. ಬೀಸುವವರು ಏಳು ಜನ ಸುಹಾಗನ್‌ಗಳು, ಅಂದರೆ ಗಂಡ ಬದುಕಿರುವ ಹೆಂಗಸರು. ಕಾಳು ಬೆರೆಸುವುದರಿಂದ ಹಿಡಿದು ಜರಡಿ ಹಿಡಿಯುವ ತನಕ ಬೇರೆ ಕೈ ಅದನ್ನು ಮುಟ್ಟಬಾರದು. ಏಳು ಜನರಲ್ಲಿ ಮೊದಲನೆಯವರು ಯಾವಾಗಲೂ ಬಾನು ಆಂಟಿಯೇ. ಯಾವುದು ಎಷ್ಟು ಹಿಡಿ ಅಂತ ಅವರ ಕೈ ತೀರ್ಮಾನ ಮಾಡುತ್ತಿತ್ತು.

ಈಗ ನನ್ನ ಹೊಟ್ಟೆಯೊಳಗಿನ ಮಾತನ್ನು ಹೇಳಬೇಕು. ನನಗೆ ಹದಿಮೂರು ವರ್ಷವಾಗಿದ್ದಾಗ ಜೈಬಾಳ ಮದುವೆ ಗೊತ್ತಾಯಿತು. ಒಂದು ವಾರ ಅಮ್ಮ ಆಫೀಸಿಗೆ ರಜೆ ಹಾಕಿ ಆಂಟಿಯ ಜೊತೆ ಮಾಳಿಗೆಯ ಮೇಲೇ ಇದ್ದಳು. ಗುಲಾಬಿ ದಳ ಬಿಡಿಸಿದ್ದು ಅಮ್ಮ, ಲಾವಂಚ ತೊಳೆದು ಕತ್ತರಿಸಿದ್ದು ಅಮ್ಮ, ಕಚೋರದ ಬಿಲ್ಲೆಗಳ ಮೇಲೆ ತೆಳು ಬಟ್ಟೆ ಹೊದಿಸಿ ನೆರಳು ಸರಿದ ಹಾಗೆಲ್ಲ ಮೊರ ಸರಿಸಿದ್ದು ಅಮ್ಮ. ಬೀಸುವ ದಿನ ಅಮ್ಮ ಟ್ರಂಕಿನಿಂದ ಒಂದು ನೀಲಿ ಸೀರೆ ತೆಗೆದು ಉಟ್ಟಳು. ಅಪ್ಪ ಹೋದ ಮೇಲೆ ಅವಳು ಅದನ್ನು ಉಟ್ಟದ್ದು ಅವತ್ತೇ.

ನಡುಮನೆಯಲ್ಲಿ ಹೆಂಗಸರು ಕೂತಿದ್ದರು. ಅಮ್ಮ ಹೋಗಿ ಕಲ್ಲಿನ ಪಕ್ಕ ಕೂತು, ಮೊರದಲ್ಲಿದ್ದ ಕಡಲೆಬೇಳೆಯ ಮೇಲೆ ಸುಮ್ಮನೆ ಕೈಯಾಡಿಸಿದಳು, ಕಲ್ಲು ಇದೆಯಾ ನೋಡುವವರ ಹಾಗೆ. ಮುಖ್ತಾರ್ ಅಂಕಲ್ಲಿನ ತಂಗಿ, ಅಂದರೆ ಆಂಟಿಯ ನಾದಿನಿ, ಕೆಮ್ಮಿದಳು. ಬಾನು ಆಂಟಿ ಆ ಮೊರವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

“ಗಂಗಾ, ನೀನು ಒಳಗೆ ಸ್ವಲ್ಪ ಟೀ ನೋಡ್ಕೊ” ಎಂದರು.

ಅಮ್ಮ ಎದ್ದಳು. ಮೂವತ್ತು ಜನಕ್ಕೆ ಟೀ ಮಾಡಿದಳು. ಎಲ್ಲರಿಗೂ ಅರ್ಥವಾಗಿತ್ತು, ನನಗೂ ಆಗಿತ್ತು. ಆ ಮೊರದಲ್ಲಿದ್ದ ಕಡಲೆಬೇಳೆಯನ್ನು ತೆಗೆದು ಬೇರೆ ಹಾಕಿದರು. ಅದನ್ನು ಅಮ್ಮ ನೋಡಲಿಲ್ಲ, ನಾನು ನೋಡಿದೆ. ಮನೆಗೆ ಬಂದು ಅಮ್ಮ ನೀಲಿ ಸೀರೆ ಮಡಿಸಿಟ್ಟು, ಮಾರನೇ ದಿನ ಏನೂ ಆಗಿಲ್ಲವೆಂಬಂತೆ ಆಂಟಿಯ ಮನೆಯ ಹಂಡೆ ಉಜ್ಜಿಕೊಟ್ಟಳು. ನನಗೆ ಆಂಟಿಗಿಂತ ಅಮ್ಮನ ಮೇಲೇ ಜಾಸ್ತಿ ಸಿಟ್ಟು ಬಂತು. ಆಮೇಲಿನ ಭಾನುವಾರದಿಂದ ನಾನು ಅಂಗಡಿಯ ಶಾಂಪೂ ಹಾಕಿಕೊಂಡೆ. ಆಂಟಿ ಯಾಕೆ ಅಂತ ಕೇಳಲಿಲ್ಲ. ಕೇಳದೇ ಇದ್ದದ್ದು ಇನ್ನೂ ಉರಿ ತಂದಿತು.

ವರ್ಷಗಳು ಉರುಳಿದವು. ನಾನು ಬಿ.ಎಡ್. ಮಾಡಿ ಗುಬ್ಬಿಗೆ ಬಂದೆ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಲಕ್ಷ್ಮೀಕಾಂತನನ್ನು ಮದುವೆಯಾದೆ. ಅಮ್ಮ ರಿಟೈರ್ ಆಗಿ ಅಮೃತೂರಿಗೆ, ಸಿದ್ದಯ್ಯ ಮಾವನ ಮನೆಗೆ ಹೋದಳು. ಅಲ್ಲಿಂದಲೂ ಆಂಟಿಗೆ ಸೀಗೆಕಾಯಿ ಕಳಿಸುವುದು ನಿಲ್ಲಿಸಲಿಲ್ಲ. ತಿಂಗಳಿಗೊಮ್ಮೆ ತುಮಕೂರಿಗೆ ಬಂದು, ಆಂಟಿಯ ಮನೆಯಲ್ಲಿ ಮಧ್ಯಾಹ್ನ ಕಳೆದು ಹೋಗುತ್ತಿದ್ದಳು. ನಾನೂ ಜೊತೆಗೆ ಹೋಗುತ್ತಿದ್ದೆ. ಪ್ರೀತಿ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಮನೆಯ ಟೀಯನ್ನು ಪ್ರತಿ ಸಲ ಅರ್ಧ ಲೋಟ ಹಾಗೇ ಬಿಟ್ಟು ಏಳುತ್ತಿದ್ದೆ.

ಮೂರು ವರ್ಷದ ಹಿಂದೆ ಮುಖ್ತಾರ್ ಅಂಕಲ್ ತೀರಿಕೊಂಡರು. ಆಂಟಿ ಕುಗ್ಗಿಹೋದರು. ಹಲ್ಲುಪುಡಿ ಕುಟ್ಟುವುದನ್ನು ಬಿಟ್ಟರು, ಸೀಗೆ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಅವರನ್ನು ಮತ್ತೆ ಹಿತ್ತಲಿಗೆ ಎಳೆದು ತಂದವಳು ನಯೀಮನ ಮಗಳು ಸಿದ್ರಾ. ಕಾಲೇಜು ಮುಗಿಸಿದ ಹುಡುಗಿ, ಯೂಟ್ಯೂಬ್ ನೋಡಿ ನಿಂಬೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ ನೆಲ ಒರೆಸುವ ದ್ರಾವಣ ಮಾಡಲು ಹೋಗಿದ್ದಳು. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕೆಂಬುದನ್ನು ಮರೆತಳು. ಹದಿನೈದನೇ ದಿನ ಬಾಟಲಿ ಡಬ್ ಎಂದು ಸಿಡಿದು, ಒಗೆದು ಹರವಿದ ನಯೀಮನ ಬಿಳಿ ಶರ್ಟುಗಳಿಗೆಲ್ಲ ಸಿಪ್ಪೆ ಅಂಟಿಕೊಂಡಿತು. ಗಂಡ ಸತ್ತ ಮೇಲೆ ಆಂಟಿ ಮೊದಲ ಸಲ ನಕ್ಕದ್ದು ಆಗಲೇ ಅಂತ ಜೈಬಾ ಫೋನಿನಲ್ಲಿ ಹೇಳಿದಳು.

ಆಮೇಲೆ ಸಿದ್ರಾ ಅಜ್ಜಿಯ ಬೆನ್ನು ಬಿಡಲಿಲ್ಲ. ಸೀಗೆ, ಹಲ್ಲುಪುಡಿ, ಎಲ್ಲವನ್ನೂ ಬರೆದಿಡುತ್ತೇನೆಂದು ಅಡುಗೆಮನೆಯ ತಕ್ಕಡಿ ತಂದಳು. ಅಜ್ಜಿ ಒಂದು ಹಿಡಿ ಮೆಂತ್ಯ ತೆಗೆದರೆ ಇವಳು ಅದನ್ನು ತೂಗುವುದು. ಒಂದು ಸಲ ನಲವತ್ತು ಗ್ರಾಂ, ಇನ್ನೊಂದು ಸಲ ಐವತ್ತೆಂಟು. ಯಾಕೆ ಹೀಗೆ ಅಂತ ಕೇಳಿದರೆ, ಇವತ್ತಿನ ಸೀಗೆ ಎಳೇದು, ಅದಕ್ಕೆ ಜಾಸ್ತಿ ಬೇಕು ಅನ್ನುವರು. ಎಳೇದು ಅಂತ ಹೇಗೆ ಗೊತ್ತು ಅಂದರೆ, ಮುಟ್ಟಿದರೆ ಗೊತ್ತಾಗುತ್ತದೆ. ಸಿದ್ರಾ ನೋಟ್‌ಬುಕ್ ಮುಚ್ಚಿದಳು. ನಾನು ಅಲ್ಲೇ ಕೂತಿದ್ದೆ. ವಿಜ್ಞಾನದವಳಾಗಿ ನನಗೆ ನಾಚಿಕೆಯಾಯಿತು, ಒಳಗೊಳಗೆ ಖುಷಿಯೂ ಆಯಿತು.

ಕಳೆದ ವರ್ಷ ಸಿದ್ರಾಳಿಗೆ ಕುಣಿಗಲ್ಲಿನ ಒಂದು ಮನೆಯ ಸಂಬಂಧ ಗೊತ್ತಾಯಿತು. ಹುಡುಗಿ ಒಂದೇ ಒಂದು ಕೇಳಿದಳು. ತನಗೆ ಬ್ಯೂಟಿ ಪಾರ್ಲರ್ ಬೇಡ, ದಾದಿ, ಅಂದರೆ ಅಜ್ಜಿ, ಮಾಡುವ ಚಿಕ್ಸಾ ಬೇಕು. ಬಾನು ಆಂಟಿ ಒಂದು ತಿಂಗಳು ಮುಂಚೆಯೇ ಕಚೋರ ನೆರಳಿಗೆ ಹಾಕಿದರು, ಗುಲಾಬಿ ಒಣಗಿಸಿದರು. ಗುಬ್ಬಿಯಿಂದ, ಕುಣಿಗಲ್ಲಿನಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಮಾಡಿಕೊಟ್ಟದ್ದು ಬೇರೆ, ಇದು ಬೇರೆ. ಇದು ಅವರ ಎದೆಯ ಮೇಲೆ ಮಲಗಿ ಬೆಳೆದ ಮಗು. ಆದರೆ ಎಲ್ಲವನ್ನೂ ಒಣಗಿಸಿ, ಆರಿಸಿ, ಡಬ್ಬಗಳಿಗೆ ತುಂಬಿಟ್ಟು, ಬೀಸುವ ದಿನ ಬೆಳಗ್ಗೆ ಆ ಡಬ್ಬಗಳನ್ನು ಜೈಬಾಳ ಮುಂದಿಟ್ಟು, ಆಂಟಿ ಒಳಕೋಣೆಯ ಮಂಚದ ಮೇಲೆ ಹೋಗಿ ಕೂತರು. ಈಗ ಅವರಿಗೆ ಗಂಡ ಇಲ್ಲ. ಬೆರೆಸಿ ಬೀಸುವ ಕೈ ಅವರದಾಗುವಂತಿಲ್ಲ. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ, ಅವರೇ ಹೋಗಿ ಕೂತದ್ದು.

ಅವತ್ತು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ನಾನು ಗುಬ್ಬಿಯಿಂದ ಬಂದೆ, ಅಮ್ಮ ಬೆಳಗ್ಗೆಯೇ ಅಮೃತೂರಿನಿಂದ ಬಂದಿದ್ದಳು. ಅಮ್ಮ ಯಾರನ್ನೂ ಕೇಳದೆಯೇ, ನಡುಮನೆಯತ್ತ ತಿರುಗಿಯೂ ನೋಡದೆ, ನೇರವಾಗಿ ಒಳಕೋಣೆಗೆ ಹೋಗಿ ಆಂಟಿಯ ಪಕ್ಕದಲ್ಲಿ ಕೂತಿದ್ದಳಂತೆ. ನಡುಮನೆಯಲ್ಲಿ ಆರು ಜನ ಇದ್ದರು. ಏಳನೆಯವಳಿಗೆ ಹುಷಾರು ತಪ್ಪಿತ್ತು. ನಾನು ಚಪ್ಪಲಿ ಬಿಡುತ್ತಿದ್ದ ಹಾಗೇ ಜೈಬಾ ಮುಖವೆಲ್ಲ ನಗುವಾಗಿ ಎದ್ದು ಬಂದು ನನ್ನ ಕೈ ಹಿಡಿದಳು.

“ಸರಿಯಾದ ಟೈಮಿಗೆ ಬಂದೆ ಕಣೇ. ಬಾ, ನೀನೇ ಏಳನೆಯವಳು.”

ಅವಳಿಗೆ ಏನೂ ಗೊತ್ತಿರಲಿಲ್ಲ. ಮದುವಣಗಿತ್ತಿಯಾಗಿ ಅವತ್ತು ಯಾವುದೋ ಕೋಣೆಯಲ್ಲಿ ಕೂತಿದ್ದವಳು ಅವಳು. ನನಗೆ ಮಾತ್ರ ಆ ಮೊರ, ಆ ಕಡಲೆಬೇಳೆ, ನೀಲಿ ಸೀರೆ ಎಲ್ಲ ಒಟ್ಟಿಗೆ ಎದೆಗೆ ನುಗ್ಗಿದವು. ಅಮ್ಮ ಎದ್ದ ಜಾಗದಲ್ಲಿ ನನ್ನನ್ನು ಕೂರು ಅನ್ನುತ್ತಿದ್ದಾರೆ. ಬಾಯಿ ತಡೆಯಲಿಲ್ಲ.

“ಬೇಡ ಬಿಡು ಜೈಬಾ, ನಾನು ಟೀ ನೋಡ್ಕೋತೀನಿ” ಎಂದೆ.

ಬೇಕಾದಷ್ಟು ಗಟ್ಟಿಯಾಗೇ ಹೇಳಿದ್ದೆ. ಒಳಕೋಣೆಯ ಪರದೆಯ ಹಿಂದೆ ಇಬ್ಬರೂ ಆಡುತ್ತಿದ್ದ ಮಾತು ನಿಂತುಹೋಯಿತು. ನಾನು ಅಡುಗೆಮನೆಗೆ ಹೋಗಿ ನಿಜವಾಗಿಯೂ ಟೀಗೆ ನೀರಿಟ್ಟೆ. ಇಪ್ಪತ್ತಾರು ವರ್ಷ ಕಾದು ಹೇಳಿದ ಮಾತಿನಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಏಳನೆಯವಳಾಗಿ ಪಕ್ಕದ ಮನೆಯ ಸೊಸೆಯನ್ನು ಕರೆತಂದು ಕೂರಿಸಿದರು. ಹಾಡು ಶುರುವಾಯಿತು, ಕಲ್ಲು ತಿರುಗಿತು. ಆದರೆ ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಒಂದು ಕಮರು ವಾಸನೆ ಹರಡಿತು. ಪರದೆಯ ಹಿಂದಿನಿಂದ ಆಂಟಿ ಕೇಳಿದರು, ಕಚೋರ ಹುರಿದಿರಾ ಅಂತ. ಹುರಿದಿದ್ದರು. ಬೇಳೆ, ಮೆಂತ್ಯ ಹುರಿದ ಮೇಲೆ ಕಚೋರವನ್ನೂ ಹುರಿಯಬೇಕೆಂದುಕೊಂಡು ನಾದಿನಿ ಅದನ್ನೂ ಬಾಣಲೆಗೆ ಸುರಿದಿದ್ದಳು. ಒಂದು ತಿಂಗಳು ಬಟ್ಟೆ ಹೊದಿಸಿ ನೆರಳಲ್ಲಿ ಕಾಪಾಡಿದ್ದು ಎರಡು ನಿಮಿಷದಲ್ಲಿ ಸೀದುಹೋಗಿತ್ತು. ಅದೃಷ್ಟಕ್ಕೆ ಅರ್ಧ ಡಬ್ಬ ಉಳಿದಿತ್ತು.

ಎರಡನೇ ಸಲ ಆಂಟಿ ಒಳಗಿನಿಂದಲೇ ಹೇಳಿದರು, ಇವರು ಹೊರಗೆ ಹಾಕಿದರು. ಬೇಳೆ ಐದು ಹಿಡಿ, ಅರಿಶಿನ ಒಂದು, ಕಚೋರ ಒಂದು. ಯಾರ ಹಿಡಿ ಅಂತ ಜೈಬಾ ಕೇಳಿದಳು, ಅವಳ ಕೈ ದೊಡ್ಡದು. ನನ್ನ ಹಿಡಿ ಅಂದರು ಆಂಟಿ. ಪರದೆಯ ಆಚೆ ಇರುವ ಹಿಡಿಯನ್ನು ಈಚೆ ಅಳೆಯುವುದು ಹೇಗೆ? ಅಂದಾಜಿನಲ್ಲಿ ಬೀಸಿದರು, ಗುಲಾಬಿ ನೀರಿನಲ್ಲಿ ಕಲಸಿದರು, ಸಿದ್ರಾಳ ಮುಂಗೈಗೆ ಒಂದಿಷ್ಟು ಹಚ್ಚಿ ನೋಡಿದರು. ಹತ್ತು ನಿಮಿಷದಲ್ಲಿ ಹಚ್ಚಿದ ಜಾಗ ಕೆಂಪಗೆ ದದ್ದಾಯಿತು. ಸಿದ್ರಾ ಕೈ ತೊಳೆದುಕೊಂಡು, ಮೂಲೆಯಲ್ಲಿ ಕೂತು ಅತ್ತಳು.

ಉಳಿದದ್ದು ಒಂದೇ ಸಲಕ್ಕೆ ಸಾಕಾಗುವಷ್ಟು. ಜೈಬಾ ಪರದೆ ಸರಿಸಿ ಒಳಗೆ ಹೋದಳು. ನಾನು ಟೀ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ನೀನೇ ಬಂದು ಹಾಕು ಅಮ್ಮಿ ಅಂತ ಅವಳು ಗೋಗರೆದಳು. ಅಂಗಳದಲ್ಲಿದ್ದ ನಯೀಮನೂ ಬಂದ. ಇದ್ಯಾವುದೂ ನಮ್ಮ ದೀನ್‌ನಲ್ಲಿ, ಧರ್ಮದಲ್ಲಿ ಹೇಳಿಲ್ಲ, ಇವೆಲ್ಲ ಜನ ಮಾಡಿಕೊಂಡದ್ದು ಅಂದ. ಅದು ತನಗೂ ಗೊತ್ತು ಅಂದರು ಆಂಟಿ. ಆದರೂ ಏಳಲಿಲ್ಲ. ಮಂಚದ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ನಾದಿನಿ ಹೊರಗಿನಿಂದ, ಅತ್ತಿಗೆ ಮಾಡುತ್ತಿರುವುದೇ ಸರಿ, ಮಗುವಿನ ಬದುಕಿನ ಪ್ರಶ್ನೆ ಅಂತ ದನಿ ಸೇರಿಸಿದಳು.

ಅಲ್ಲಿಯವರೆಗೆ ಸುಮ್ಮನಿದ್ದ ಅಮ್ಮ ಬಾಯಿ ಬಿಟ್ಟಳು. ಮನೆಯವರೆಲ್ಲ ತಮ್ಮಲ್ಲಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅಮ್ಮ ಕನ್ನಡದಲ್ಲಿ, ಆಂಟಿಗೆ ಮಾತ್ರ ಹೇಳುವವಳಂತೆ ಹೇಳಿದಳು.

“ಹೋಗು ಬಾನಕ್ಕ. ಮಗು ಅಳ್ತಾ ಕೂತದೆ.”

ಬಾನು ಆಂಟಿ ಅಮ್ಮನ ಕಡೆ ತಿರುಗಿದರು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು, ನನ್ನ ಕೈಯಲ್ಲಿದ್ದ ಲೋಟಗಳನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

“ಹೆಂಗೆ ಹೋಗ್ಲಿ ಗಂಗಾ? ಜೈಬಾ ಮದುವೇಲಿ ನಿನ್ನ ಎಬ್ಬಿಸಿ ಕಳಿಸ್ದೋಳು ನಾನೇ. ಇವತ್ತು ನನ್ನ ಮೊಮ್ಮಗಳು ಅಂತ ನಾನು ಹೋಗಿ ಕೂತ್ಕೊಂಡ್ರೆ, ಅವತ್ತು ನಿನ್ನ ಎಬ್ಬಿಸಿದ್ದು ಯಾತಕ್ಕೆ? ಸುಮ್‌ಸುಮ್ನೆ ಎಬ್ಬಿಸ್ದಂಗೆ ಆಯ್ತದಲ್ಲ.”

ನನಗೆ ಆಗ ಅರ್ಥವಾಯಿತು. ಇವರು ಶಾಸ್ತ್ರಕ್ಕೆ ಹೆದರಿ ಕೂತಿರಲಿಲ್ಲ. ಕಟ್ಟಳೆ ನಿಜವೆಂದು ಹಿಡಿದುಕೊಂಡರೆ ಅವತ್ತು ಮಾಡಿದ್ದಕ್ಕೆ ಒಂದು ಕಾರಣವಾದರೂ ಇರುತ್ತದೆ. ಬಿಟ್ಟರೆ ಅದೂ ಇರುವುದಿಲ್ಲ. ನಾನೊಬ್ಬಳೇ ಆ ದಿನವನ್ನು ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದೆ. ಇವರೂ ಹೊತ್ತಿದ್ದರು.

ಅಮ್ಮ ಏನೋ ಸಮಾಧಾನ ಹೇಳುತ್ತಾಳೆ, ಅದೆಲ್ಲ ಯಾಕೀಗ ಬುಡು ಅನ್ನುತ್ತಾಳೆ ಅಂದುಕೊಂಡೆ. ಅವಳ ಸ್ವಭಾವವೇ ಅದು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೂಂ. ಸುಮ್‌ಸುಮ್ನೆನೇ ಎಬ್ಬಿಸಿದ್ದು ನೀನು. ಅದುನ್ನ ಬಾಯ್‌ಬುಟ್ಟು ಒಂದು ಸಲ ಹೇಳ್ಬುಡು ಬಾನಕ್ಕ. ನಾನೂ ಇಷ್ಟು ವರ್ಷದಿಂದ ಕಾಯ್ತಾ ಇವ್ನಿ.”

ಲೋಟದ ಟೀ ನನ್ನ ಕೈ ಮೇಲೆ ಚೆಲ್ಲಿತು. ಸುಟ್ಟದ್ದು ಆಮೇಲೆ ಗೊತ್ತಾಯಿತು. ಮಾರನೇ ದಿನವೇ ಹೋಗಿ ಹಂಡೆ ಉಜ್ಜಿದವಳು, ವರ್ಷ ವರ್ಷ ಸೀಗೆ ಕಳಿಸಿದವಳು, ತಿಂಗಳು ತಪ್ಪದೆ ಬಂದು ಈ ಮಂಚದ ಮೇಲೆ ಕೂತು ಹರಟಿದವಳು ಪ್ರತಿ ಸಲವೂ ಈ ಒಂದು ಮಾತಿಗಾಗಿ ಕಾದಿದ್ದಳು. ನನ್ನಮ್ಮನಿಗೆ ಮಾನವಿಲ್ಲ ಅಂತ ನಾನು ಅವಳನ್ನು ಎಷ್ಟು ಸಲ ಮನಸ್ಸಿನಲ್ಲಿ ಬೈದಿದ್ದೆನೋ.

ಜೈಬಾಳಿಗೆ ಈಗ ತಿಳಿಯಿತು. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಬಾನು ಆಂಟಿ ಮಂಚದ ಅಂಚಿನಿಂದ ಕೈ ಬಿಟ್ಟರು. ಹೊರಗೆ ನಾದಿನಿಯ ಕೆಮ್ಮೂ ಇರಲಿಲ್ಲ.

“ಸುಮ್ನೆ ಎಬ್ಬಿಸ್ದೆ ಗಂಗಾ” ಎಂದರು ಕೊನೆಗೆ. “ನೀನು ಕೂತಿದ್ರೆ ಏನೂ ಆಗ್ತಿರ್ಲಿಲ್ಲ. ಜನ ಏನಂತಾರೋ ಅಂತ ಹೆದರ್ಕೊಂಡೆ. ನೀನು ತಿರುಗಿ ಏನೂ ಅನ್ನಲ್ಲ ಅಂತ ಗೊತ್ತಿತ್ತು, ಅದಕ್ಕೇ ಎಬ್ಬಿಸ್ದೆ.”

ಅಮ್ಮ ತಲೆಯಾಡಿಸಿದಳು. ತಾನೇ ಮೊದಲು ಎದ್ದು, ಆಂಟಿಯ ತೋಳು ಹಿಡಿದು ಎಬ್ಬಿಸಿದಳು. ಆಂಟಿಗೆ ಮಂಡಿನೋವು, ಒಬ್ಬರೇ ಏಳುವುದು ಕಷ್ಟ.

ಇಬ್ಬರೂ ನಡುಮನೆಗೆ ಬಂದಾಗ ನಾದಿನಿ ಎದ್ದು ಅಂಗಳಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಪಕ್ಕದ ಮನೆಯ ಸೊಸೆ ಹೋಗಬೇಕೋ ಕೂರಬೇಕೋ ತಿಳಿಯದೆ ಸರಿದು ಜಾಗ ಬಿಟ್ಟಳು. ಬಾನು ಆಂಟಿ ಡಬ್ಬಗಳನ್ನು ಹತ್ತಿರ ಎಳೆದುಕೊಂಡು, ಅರಿಶಿನವನ್ನು ಬೆರಳಲ್ಲಿ ಹಿಚುಕಿದರು, ಬೇಳೆಯನ್ನು ಕಡಿದು ನೋಡಿದರು. ಆಮೇಲೆ ಅವರ ಕೈ ಓಡತೊಡಗಿತು. ಒಂದು ಹಿಡಿ, ಅರ್ಧ ಹಿಡಿ, ಮತ್ತೆ ಒಂದು ಚಿಟಿಕೆ. ಸಿದ್ರಾ ಕಣ್ಣೊರೆಸಿಕೊಂಡು ಹತ್ತಿರ ಬಂದು ಕೂತಳು. ಅವಳು ನೋಟ್‌ಬುಕ್ ತೆಗೆಯಲಿಲ್ಲ.

ಬೆರೆಸಿದ್ದು ಮುಗಿದ ಮೇಲೆ ಆಂಟಿ ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನ ತೊಡೆಯ ಮುಂದಿಟ್ಟರು. ಅಮ್ಮ ಅದರ ಮೇಲೆ ಕೈಯಾಡಿಸಿ, ಒಂದು ಹಿಡಿ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು. ಎದುರು ಬದುರು ಕೂತು ಇಬ್ಬರೂ ಗೂಟ ಹಿಡಿದರು. ಅಮ್ಮನಿಗೆ ರೂಢಿ ತಪ್ಪಿಹೋಗಿತ್ತು, ನಾಲ್ಕು ಸುತ್ತಿಗೆ ಏದುಸಿರು ಬಂತು. ಜೈಬಾ ಹಾಡು ಎತ್ತಿಕೊಂಡಳು, ಮಿಕ್ಕವರು ಸೇರಿಸಿದರು. ನಾನು ಗೋಡೆಗೆ ಒರಗಿ ನಿಂತು ಮಕ್ಕಳ ಹಾಗೆ ಅತ್ತೆ. ನನ್ನ ಸ್ಕೂಲಿನವರು ಯಾರಾದರೂ ನೋಡಿದ್ದರೆ ನಂಬುತ್ತಿರಲಿಲ್ಲ.

ಸಂಜೆಗೆ ಚಿಕ್ಸಾ ಕಲಸಿದರು. ಬಟ್ಟಲು ತೆಗೆದುಕೊಂಡು ಬಾನು ಆಂಟಿ ಮೊದಲು ಅಮ್ಮನಿಗೆ ಹಿಡಿದರು. ಅಮ್ಮ ಬಲಗೈ ಅದ್ದಿ ಸಿದ್ರಾಳ ಎರಡೂ ಕೆನ್ನೆಗೆ, ತೋಳಿಗೆ ಹಚ್ಚಿದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಎಲ್ಲರೂ ಹುಡುಗಿಯ ಚರ್ಮವನ್ನೇ ನೋಡುತ್ತಾ ಕೂತೆವು. ಏನೂ ಆಗಲಿಲ್ಲ.

ಮಾರನೇ ದಿನ ಭಾನುವಾರವಾದ್ದರಿಂದ ನಾನು ಅಮ್ಮನ ಜೊತೆ ಊರಿಗೆ ಹೊರಟೆ. ಕುಣಿಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು. ಚಿಕ್ಸಾದ ಹಳದಿ ಇನ್ನೂ ಹಾಗೇ ಇತ್ತು. ತೊಳೆದುಕೊಂಡು ಬಾ ಅಂತ ಜೈಬಾ ಹೇಳಿದ್ದರೂ ಅವಳು ತೊಳೆದಿರಲಿಲ್ಲ. ಕಂಡಕ್ಟರ್ ಬಂದು ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದ. ಜನ್ಮದಲ್ಲಿ ಯಾರಿಗೂ ಎಡಗೈಯಲ್ಲಿ ಏನನ್ನೂ ಕೊಟ್ಟವಳಲ್ಲ ನನ್ನಮ್ಮ. ಅವತ್ತು ಕಾರ್ಡನ್ನು ಎಡಗೈಯಲ್ಲಿ ತೆಗೆದು, ಎಡಗೈಯಲ್ಲೇ ಅವನಿಗೆ ಕೊಟ್ಟಳು.